ಪುಸ್ತಕ ಪ್ರಶ್ನೋತ್ತರ: ಜೋಂಬಿ ಕಾದಂಬರಿಯ ಹುಡುಗಿ ಮತ್ತು ಅವಳ ಪ್ರೀತಿ

ಪ್ರಶ್ನೆ: ನನ್ನ ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಕೆಲವು ತಿಂಗಳುಗಳಿಂದ ಅವಳ ಕೈಯಲ್ಲಿ ಇಂಗ್ಲಿಷಿನ ಜೋಂಬಿ ಕಾದಂಬರಿಗಳೇ ಕಾಣುತ್ತಿವೆ. ಒಂದನ್ನು ತೆರೆದು ನೋಡಿದೆ. ಒಂದು ಪುಟದಲ್ಲಿ ಕೊಳೆತ ಹೆಣ ಬಾಗಿಲು ಬಡಿಯುತ್ತದೆ, ಮುಂದಿನ ಪುಟದಲ್ಲಿ ಹುಡುಗ ಹುಡುಗಿ ಕೈಹಿಡಿದು ಕುಳಿತಿರುತ್ತಾರೆ. ಈ ವಯಸ್ಸಿಗೆ ಇದು ತಕ್ಕ ಓದೇ? ತಡೆಯಬೇಕೇ?
(ಓದುಗರೊಬ್ಬರು, ಮಲ್ಲೇಶ್ವರ)

ಉತ್ತರ: ತಡೆಯಬೇಡಿ. ಅವಳು ಓದಿ ಮುಗಿಸಿದ ಒಂದು ಪುಸ್ತಕವನ್ನು ಕೇಳಿ ಪಡೆದು ನೀವೂ ಮೊದಲಿನಿಂದ ಕೊನೆಯವರೆಗೆ ಓದಿ. ನಡುವಿನ ಒಂದೆರಡು ಪುಟಗಳಿಂದ ಈ ಬಗೆಯ ಕಾದಂಬರಿಯನ್ನು ಅಳೆಯುವುದು ಕಷ್ಟ. ಹದಿನಾರು, ಹದಿನೇಳರ ವಯಸ್ಸಿನಲ್ಲಿ ಹಿರಿಯರು ಎಲ್ಲವನ್ನೂ ಸರಿಪಡಿಸಬಲ್ಲರೆಂಬ ನಂಬಿಕೆ ಮೊದಲ ಸಲ ಸಡಿಲವಾಗುತ್ತದೆ. ಅದೇ ಹೊತ್ತಿಗೆ ಮನೆಯ ಹೊರಗಿನ ಯಾರೋ ಒಬ್ಬರು ಬಹಳ ಮುಖ್ಯರೆನಿಸತೊಡಗುತ್ತಾರೆ. ಜೋಂಬಿ ಕಥೆ ಈ ಎರಡು ಅನುಭವಗಳನ್ನೂ ಒಟ್ಟಿಗೆ ತಂದು ನಿಲ್ಲಿಸುತ್ತದೆ. ಪೊಲೀಸರು, ಶಿಕ್ಷಕರು, ತಂದೆತಾಯಿ ಯಾರೂ ನೆರವಿಗೆ ಬಾರದ ಆ ಲೋಕದಲ್ಲಿ ಯಾರನ್ನು ನಂಬಬೇಕು ಎಂಬುದನ್ನು ಹುಡುಗಿ ತಾನೇ ತೀರ್ಮಾನಿಸಬೇಕಾಗುತ್ತದೆ. ಹೆಣ ಮತ್ತು ಪ್ರೀತಿ ಅಕ್ಕಪಕ್ಕದ ಪುಟಗಳಲ್ಲಿ ಬರುವುದಕ್ಕೆ ಕಾರಣ ಇದೇ.

ಕ್ಯಾರಿ ರಯಾನ್ ಅವರು 2009ರಲ್ಲಿ ಪ್ರಕಟಿಸಿದ ‘ದಿ ಫಾರೆಸ್ಟ್ ಆಫ್ ಹ್ಯಾಂಡ್ಸ್ ಅಂಡ್ ಟೀತ್’ ಕಾದಂಬರಿಯನ್ನು ಉದಾಹರಣೆಗೆ ನೋಡಬಹುದು. ಬೇಲಿಯೊಳಗಿನ ಒಂದು ಹಳ್ಳಿ, ಬೇಲಿಯಾಚೆ ಸತ್ತೂ ಅಲೆಯುವವರ ಕಾಡು. ಮೇರಿ ಎಂಬ ಹುಡುಗಿಗೆ ಒಬ್ಬನೊಡನೆ ಮದುವೆ ಗೊತ್ತಾಗಿದೆ, ಮನಸ್ಸು ಅವನ ಸಹೋದರನಲ್ಲಿದೆ. ಜೊತೆಗೆ, ತಾಯಿ ಹೇಳಿದ ಕಥೆಗಳಲ್ಲಿನ ಸಮುದ್ರವನ್ನು ಕಾಣುವ ಹಂಬಲವೂ ಇದೆ. ಪ್ರೀತಿ ಸಿಕ್ಕಿದ ಮೇಲೂ ಆ ಹಂಬಲ ಇಂಗುವುದಿಲ್ಲವೆಂಬುದು ನನಗೆ ಈ ಪುಸ್ತಕದ ನಿಜವಾದ ಬಲವಾಗಿ ಕಂಡಿದೆ. ಜಸ್ಟಿನಾ ಐರ್ಲೆಂಡ್ ಅವರ 2018ರ ‘ಡ್ರೆಡ್ ನೇಷನ್’ ಇನ್ನೊಂದು ಬಗೆಯದು. ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಸತ್ತವರು ಎದ್ದು ನಿಂತರೆಂದು ಕಲ್ಪಿಸಿ, ಬಿಳಿಯರನ್ನು ಕಾಯುವುದಕ್ಕಾಗಿ ಕಪ್ಪು ಹುಡುಗಿಯರಿಗೆ ಕತ್ತಿವರಸೆ ಕಲಿಸುವ ಶಾಲೆಗಳನ್ನು ಅದು ಚಿತ್ರಿಸುತ್ತದೆ. ಅಲ್ಲಿ ಹೆಣಗಳಿಗಿಂತ ಬದುಕಿರುವವರೇ ಹೆಚ್ಚು ಭಯ ಹುಟ್ಟಿಸುತ್ತಾರೆ.

ಎಚ್ಚರಿಕೆ ಬೇಕಾದದ್ದು ಬೇರೆ ಕಡೆ. ನೂರು ಪುಟ ಧೈರ್ಯವಾಗಿದ್ದ ಹುಡುಗಿ ನಾಯಕ ಬಂದೊಡನೆ ಅವನ ಅಪ್ಪಣೆಗೆ ಕಾಯತೊಡಗುವ ಪುಸ್ತಕಗಳೂ, ಅವನ ಅನುಮಾನವನ್ನೂ ಗದರಿಕೆಯನ್ನೂ ಪ್ರೀತಿಯೆಂದು ತೋರಿಸುವ ಪುಸ್ತಕಗಳೂ ಇವೆ. ರಕ್ತದ ವರ್ಣನೆಗಿಂತ ಇದು ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ. ಅಂಥ ಪುಸ್ತಕ ಸಿಕ್ಕರೆ, ಆ ಹುಡುಗ ನಿನಗೆ ಇಷ್ಟವಾದನೇ ಎಂದು ಮಗಳನ್ನು ಕೇಳಿ, ಅವಳ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ನಡೆಯುವ ಒಂದು ಜೋಂಬಿ ಕಾದಂಬರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಯಕಿಗೆ ಹತ್ತೊಂಬತ್ತು ವರ್ಷ. ಅವಳು ಹೋರಾಡುವಾಗ ಪ್ರೀತಿಗೆ ಎಡೆಯೇ ಸಿಗುವುದಿಲ್ಲ, ಪ್ರೀತಿಯ ಅಧ್ಯಾಯ ಬಂದರೆ ಕಥೆಯ ಬಿಗಿ ಹೋಗುತ್ತದೆ. ಇದು ಪರದೇಶದ ಸರಕು, ಕನ್ನಡಕ್ಕೆ ಒಗ್ಗದು ಎಂದೂ ಗೆಳತಿಯರು ಹೇಳುತ್ತಾರೆ.
(ಓದುಗರೊಬ್ಬರು, ಜಯನಗರ)

ಉತ್ತರ: ಮೊದಲು ಗೆಳತಿಯರ ಮಾತನ್ನು ತೆಗೆದುಕೊಳ್ಳೋಣ. ಜೋಂಬಿ ಅಮೆರಿಕಕ್ಕೂ ಹೊರಗಿನಿಂದಲೇ ಬಂದದ್ದು. ಹೈಟಿಯಲ್ಲಿ ಅದು ಸತ್ತ ಮೇಲೂ ಯಜಮಾನನಿಗಾಗಿ ದುಡಿಯಬೇಕಾದ ದೇಹ; ಅದರ ಹಿಂದೆ ಗುಲಾಮಗಿರಿಯ ನೆನಪಿದೆ. 1929ರಲ್ಲಿ ವಿಲಿಯಂ ಸೀಬ್ರೂಕ್ ಅವರ ಪ್ರವಾಸಕಥನ ಅದನ್ನು ಅಮೆರಿಕದ ಓದುಗರಿಗೆ ಪರಿಚಯಿಸಿತು. ನರಮಾಂಸಕ್ಕಾಗಿ ಹಿಂಡುಹಿಂಡಾಗಿ ಬರುವ ರೂಪ ಅದಕ್ಕೆ ದೊರೆತದ್ದು ಜಾರ್ಜ್ ರೊಮೆರೊ ಅವರ 1968ರ ಚಲನಚಿತ್ರದಿಂದ. ಪ್ರತಿಯೊಂದು ನೆಲವೂ ತನ್ನ ಭಯಕ್ಕೆ ಹೊಂದುವಂತೆ ಅದನ್ನು ತಿದ್ದಿಕೊಂಡಿರುವಾಗ ನಿಮಗೂ ಆ ಹಕ್ಕಿದೆ.

ಇನ್ನು ಕನ್ನಡದ ಮಾತು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. 1965ರಲ್ಲಿ ಪ್ರಕಟವಾದ ಆ ಕಾದಂಬರಿಯ ನಡುವೆ ಇರುವುದು ಒಂದು ಹೆಣ. ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿವೆ, ನಾರಣಪ್ಪನ ಶವ ಕೊಳೆಯುತ್ತಿದೆ, ಅದನ್ನು ಸುಡಬೇಕಾದವರು ಯಾರು ಎಂಬ ಚರ್ಚೆ ಮುಗಿಯುತ್ತಿಲ್ಲ. ಎಲ್ಲರೂ ಶಾಸ್ತ್ರದಲ್ಲಿ ದಾರಿ ಹುಡುಕುತ್ತಿರುವಾಗ ಚಂದ್ರಿ ರಾತ್ರಿಯಲ್ಲಿ ಗಾಡಿಗಾಗಿ ಅಲೆದು, ಒಬ್ಬ ಒಪ್ಪದಿದ್ದಾಗ ಅಹಮದ್ ಬ್ಯಾರಿಯ ನೆರವು ಪಡೆದು, ತಾನು ಜೊತೆಗೆ ಬಾಳಿದ ನಾರಣಪ್ಪನ ದೇಹವನ್ನು ಸುಡಿಸಿಬಿಡುತ್ತಾಳೆ. ಯಾರ ಮುಂದೆಯೂ ಅದನ್ನು ಹೇಳಿಕೊಳ್ಳುವುದಿಲ್ಲ. ನೀವು ಹುಡುಕುತ್ತಿರುವ ಗಟ್ಟಿತನ ಇಂಥದ್ದೆಂದು ನಾನು ನಂಬುತ್ತೇನೆ. ಕೈಯಲ್ಲಿ ಮಚ್ಚು ಇದ್ದ ಮಾತ್ರಕ್ಕೆ ಹುಡುಗಿ ಗಟ್ಟಿಯಾಗುವುದಿಲ್ಲ. ತಮ್ಮನನ್ನು ಕಳೆದುಕೊಂಡ ಮರುದಿನ ಬೆಳಿಗ್ಗೆ ಉಳಿದವರಿಗೆ ಅಕ್ಕಿ ಎಷ್ಟಿದೆಯೆಂದು ಅಳೆದು ನೋಡಲು ಅವಳು ಏಳುತ್ತಾಳೆಯೇ ಎಂಬುದನ್ನು ಬರೆಯಿರಿ.

ಪ್ರೀತಿಯ ಅಧ್ಯಾಯವೆಂದು ಬೇರೆ ಮಾಡಿದ್ದರಿಂದಲೇ ಬಿಗಿ ಹೋಗಿದೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಚಂದ್ರಮತಿ ಮಗನ ಹೆಣವನ್ನು ಹೊತ್ತು ಸುಡುಗಾಡಿಗೆ ಬಂದಾಗ ಅಲ್ಲಿ ಕಾವಲಿರುವವನು ಅವಳ ಗಂಡ. ಬಂದವಳು ಹೆಂಡತಿ, ಸತ್ತದ್ದು ಸ್ವಂತ ಮಗ ಎಂದು ತಿಳಿದ ಮೇಲೂ ಅವನು ಹೆಣ ಸುಡುವ ತೆರಿಗೆಯನ್ನು ಬಿಡಲಾರ. ಆ ಗಂಡ ಹೆಂಡಿರ ಪ್ರೀತಿಯನ್ನು ತೋರಿಸಲು ಕವಿಗೆ ಪ್ರತ್ಯೇಕ ಏಕಾಂತ ಬೇಕಾಗಿಲ್ಲ. ಸುಡುಗಾಡಿನ ವ್ಯವಹಾರದಲ್ಲಿಯೇ ಅದರ ಆಳ ಕಾಣುತ್ತದೆ. ನಿಮ್ಮ ಕಥೆಯಲ್ಲಿಯೂ ಹಾಗೆಯೇ ಆಗಲಿ. ಅಡಗಿರುವ ಗುಂಪು ಪ್ರತಿ ಸಂಜೆ ಒಬ್ಬರ ಮೈಯನ್ನು ಇನ್ನೊಬ್ಬರು ಪರೀಕ್ಷಿಸಿ, ಕಚ್ಚಿದ ಗಾಯವಿಲ್ಲವೆಂದು ಖಚಿತಪಡಿಸಿಕೊಳ್ಳುವ ನಿಯಮ ಮಾಡಿಕೊಂಡಿದೆಯೆಂದು ಊಹಿಸಿ. ಅವಳು ಮೊದಲ ಸಲ ಅವನ ತೋಳು ಮುಟ್ಟುವುದು ಅನುಮಾನದಿಂದ. ಸಂಕೋಚ, ಸಿಟ್ಟು, ನಂಬಿಕೆ ಎಲ್ಲವೂ ಆ ದೀಪದ ಬೆಳಕಿನಲ್ಲಿಯೇ ಬೆಳೆಯಬಹುದು, ಅಪಾಯವೂ ಒಂದು ಕ್ಷಣ ದೂರ ಸರಿಯುವುದಿಲ್ಲ.

ಇದಕ್ಕಿಂತ ಮುಂಚೆ ನೀವು ತೀರ್ಮಾನಿಸಬೇಕಾದದ್ದು ಕಚ್ಚಿದ ಹೊತ್ತಿಗೂ ಬದಲಾಗುವ ಹೊತ್ತಿಗೂ ನಡುವಿನ ಅಂತರ. ಜೋಂಬಿಯ ಕಡಿತಕ್ಕೆ ನಮ್ಮ ನಡುವೆಯೇ ಇರುವ ಹತ್ತಿರದ ರೋಗ ರೇಬೀಸ್. ಅದರಲ್ಲಿ ಕಡಿತದಿಂದ ಲಕ್ಷಣ ಕಾಣಿಸುವವರೆಗೆ ಸಾಮಾನ್ಯವಾಗಿ ವಾರಗಳು ಅಥವಾ ತಿಂಗಳುಗಳೇ ಕಳೆಯುತ್ತವೆ, ಲಕ್ಷಣ ಕಾಣಿಸಿದ ಮೇಲೆ ಸಾವು ಹೆಚ್ಚುಕಡಿಮೆ ಖಚಿತ. (ನಿಜಜೀವನದಲ್ಲಿ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಲಸಿಕೆ ಪಡೆಯಬೇಕೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ.) ನಿಮ್ಮ ರೋಗ ಕೆಲವೇ ನಿಮಿಷಗಳಲ್ಲಿ ಮನುಷ್ಯನನ್ನು ಬದಲಿಸಿದರೆ ಕಿರುಚಾಟಕ್ಕೆ ಮಾತ್ರ ಸಮಯವಿರುತ್ತದೆ. ಮೂರು ದಿನ ಕೊಟ್ಟು ನೋಡಿ. ಗಾಯವನ್ನು ಮುಚ್ಚಿಡುವುದು, ಹೇಳಿಕೊಳ್ಳುವುದು, ಅವನನ್ನು ಒಳಗೆ ಕೂಡಿಹಾಕಿ ಬೀಗದ ಕೈ ಯಾರ ಬಳಿ ಇರಬೇಕೆಂದು ಜಗಳವಾಡುವುದು, ಬಾಗಿಲಿನ ಈಚೆ ಕುಳಿತು ಅವನ ದನಿ ಇನ್ನೂ ಅವನದೇ ಆಗಿದೆಯೇ ಎಂದು ಆಲಿಸುವುದು, ಇವಕ್ಕೆಲ್ಲ ಅವಕಾಶ ಸಿಗುತ್ತದೆ. ಕೊನೆಯ ನಿರ್ಧಾರ ಅವಳದೇ ಆಗಿರಲಿ. ಅದನ್ನು ತಪ್ಪಿಸಲು ಅವನನ್ನು ತಾನಾಗಿಯೇ ಸಾಯುವಂತೆ ಮಾಡಬೇಡಿ.

ಪ್ರಶ್ನೆ: ಬೆಂಗಳೂರನ್ನು ಹಿನ್ನೆಲೆಯಾಗಿಟ್ಟುಕೊಂಡ ಇಂಥ ಕಥೆಗಳಲ್ಲಿ ಊರು ಬರಿಯ ಹೆಸರಾಗಿ ಉಳಿಯುತ್ತದೆ. ಓದುಗರು ನಂಬುವಂತಾಗಲು ಏನು ಬೇಕು?
(ಓದುಗರೊಬ್ಬರು, ಬಸವನಗುಡಿ)

ಉತ್ತರ: ನೀವಿರುವ ಬಡಾವಣೆಯೇ ಒಂದು ಉತ್ತರ. 1898ರ ಪ್ಲೇಗಿನ ನಂತರ, ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನ ಹೊರಗೆ ಬರಲೆಂದು ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದವು. ಪ್ಲೇಗಮ್ಮನ ಗುಡಿಗಳು ಇಂದಿಗೂ ಊರಿನಲ್ಲಿವೆ. ಸಾಂಕ್ರಾಮಿಕದ ಭಯವನ್ನು ಈ ಊರಿಗೆ ಹೊರಗಿನಿಂದ ತಂದು ಹೊದಿಸಬೇಕಾಗಿಲ್ಲ.

ಅದಕ್ಕಿಂತ ಮುಖ್ಯವಾದದ್ದು ನೀರು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪ್ ಆಗುತ್ತಾ ಎತ್ತರದಲ್ಲಿರುವ ಈ ನಗರಕ್ಕೆ ಏರಿ ಬರುತ್ತದೆ. ವಿದ್ಯುತ್ ನಿಂತರೆ ನಲ್ಲಿಯೂ ನಿಲ್ಲುತ್ತದೆ, ಬೋರ್‌ವೆಲ್ ಕೂಡ ನಿಲ್ಲುತ್ತದೆ. ಆಗ ಉಳಿಯುವುದು ಸಂಪುಗಳಲ್ಲಿ, ಹಳೆಯ ತೆರೆದ ಬಾವಿಗಳಲ್ಲಿ, ಕೆರೆಗಳಲ್ಲಿ ಇರುವಷ್ಟು. ಬಂದೂಕು ಹಿಡಿದ ನಾಯಕನಿಗಿಂತ, ಬೀದಿಬೀದಿಗೆ ನೀರು ಬಿಡುವ ವಾಲ್ವ್‌ಮನ್ ಒಬ್ಬನ ಮಗಳನ್ನು ಅಲ್ಲಿ ನಾಯಕಿಯಾಗಿ ನೋಡಲು ನನಗೆ ಆಸೆ. ಅಪ್ಪನ ಜೊತೆ ಓಡಾಡಿದ ಅವಳಿಗೆ ಯಾವ ಮನೆಯ ಸಂಪು ದೊಡ್ಡದು, ಯಾವ ದೇವಸ್ಥಾನದ ಹಿಂದಿನ ಬಾವಿಯಲ್ಲಿ ಇನ್ನೂ ನೀರಿದೆ ಎಂಬುದು ಗೊತ್ತಿರುತ್ತದೆ. ಅವಳನ್ನು ಪ್ರೀತಿಸುವ ಹುಡುಗ ಆ ಸಂಪುಗಳಲ್ಲೊಂದರ ಬೀಗ ಹಾಕಿದ ಮನೆಯವನಾಗಿದ್ದರೆ, ಅವರಿಬ್ಬರ ಮೊದಲ ಮಾತುಕತೆ ಒಂದು ಕೊಡ ನೀರಿನ ಬಗ್ಗೆಯೇ ನಡೆಯಬೇಕಾಗುತ್ತದೆ.