ಮುದ್ರಿಸುವುದು ಕಡಿಮೆ, ಶಾಯಿಯ ಖರ್ಚು ಹೆಚ್ಚು: ಏಕೆ?

ಪ್ರಶ್ನೆ: ನಮ್ಮ ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಪುಟಗಳಿಗಿಂತ ಹೆಚ್ಚು ಮುದ್ರಿಸುವುದಿಲ್ಲ, ಅವೂ ಬಹುತೇಕ ಕಪ್ಪು ಅಕ್ಷರಗಳೇ. ಆದರೂ ಬಣ್ಣದ ಕಾರ್ಟ್ರಿಜ್ ಬೇಗನೆ ಖಾಲಿಯಾಗುತ್ತದೆ. ಕಾರ್ಟ್ರಿಜ್‌ಗೆ ಶಾಯಿ ತುಂಬಿಸಿಕೊಳ್ಳುವುದು ಲೇಸೋ, ಬಾಟಲಿಯಿಂದ ಶಾಯಿ ಸುರಿದುಕೊಳ್ಳುವ ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳುವುದು ಲೇಸೋ?

ಉತ್ತರ: ನೀವು ವಿವರಿಸಿದಂಥ ಬಳಕೆಯಲ್ಲಿ ಶಾಯಿಯ ದೊಡ್ಡ ಪಾಲು ಕಾಗದವನ್ನು ತಲುಪುವುದೇ ಇಲ್ಲ. ಕಾಗದದ ಮೇಲೆ ಶಾಯಿ ಚಿಮ್ಮಿಸುವ ಭಾಗವಾದ ಪ್ರಿಂಟ್ ಹೆಡ್‌ನಲ್ಲಿರುವ ರಂಧ್ರಗಳು ಕೂದಲೆಳೆಗಿಂತಲೂ ಸಣ್ಣವು. ಪ್ರಿಂಟರ್ ಬಹಳ ದಿನ ಸುಮ್ಮನಿದ್ದರೆ ಅವುಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಹಾಗಾಗದಿರಲೆಂದು ಯಂತ್ರವು ಆಗಾಗ ಕಪ್ಪು ಮತ್ತು ಬಣ್ಣದ ಶಾಯಿಗಳೆರಡನ್ನೂ ರಂಧ್ರಗಳ ಮೂಲಕ ಹೊರಗೆಳೆದು ಹೆಡ್ಡನ್ನು ತಾನೇ ತೊಳೆದುಕೊಳ್ಳುತ್ತದೆ, ಮತ್ತು ಹೀಗೆ ಹೊರಬಂದ ಶಾಯಿಯನ್ನು ಒಳಗಿರುವ ಸ್ಪಂಜಿನಂಥ ಪದರವೊಂದು ಹೀರಿಕೊಳ್ಳುತ್ತದೆ. ಬಣ್ಣದ ಪುಟಗಳನ್ನು ಮುದ್ರಿಸದಿದ್ದರೂ ಬಣ್ಣದ ಶಾಯಿ ಮುಗಿಯುವುದಕ್ಕೆ ಮುಖ್ಯ ಕಾರಣ ಇದೇ.

ಆದ್ದರಿಂದ ಮೊದಲ ಉಳಿತಾಯ ತೊಳೆತದಲ್ಲಿಯೇ ಆಗಬೇಕು. ತಿಂಗಳಿನ ಪುಟಗಳನ್ನೆಲ್ಲ ಒಂದೇ ದಿನ ಮುದ್ರಿಸುವ ಬದಲು ವಾರಕ್ಕೊಮ್ಮೆಯಾದರೂ ಎಲ್ಲ ಬಣ್ಣಗಳೂ ಸ್ವಲ್ಪ ಸ್ವಲ್ಪ ಬರುವಂಥ ಒಂದು ಪುಟವನ್ನು ಮುದ್ರಿಸಿ. ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ನೇರವಾಗಿ ಆರಿಸಬೇಡಿ. ಅದರದೇ ಗುಂಡಿ ಒತ್ತಿ ಆರಿಸಿದರೆ ಹೆಡ್ ತನ್ನ ಜಾಗಕ್ಕೆ ಸರಿದು, ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ. ಅಕ್ಷರಗಳ ನಡುವೆ ಬಿಳಿ ಗೆರೆಗಳು ಕಂಡರೆ ಮೊದಲು ನಾಝಲ್ ಚೆಕ್ (ಯಾವ ರಂಧ್ರ ಕಟ್ಟಿದೆಯೆಂದು ತೋರಿಸುವ ಪರೀಕ್ಷಾ ಮುದ್ರಣ) ಮಾಡಿ, ಅಗತ್ಯವಿದ್ದರಷ್ಟೇ ಕ್ಲೀನಿಂಗ್ ಮಾಡಿ. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ಮತ್ತೆ ಮತ್ತೆ ಕ್ಲೀನಿಂಗ್ ಮಾಡುತ್ತ ಶಾಯಿಯನ್ನು ಹಾಳುಮಾಡದೆ, ಕೆಲವು ಗಂಟೆ ಹಾಗೆಯೇ ಬಿಟ್ಟು ನೋಡುವುದು ಉತ್ತಮ.

ಸೆಟ್ಟಿಂಗ್‌ಗಳಲ್ಲಿ ಕಡಿಮೆ ಶಾಯಿ ಬಳಸುವ ಡ್ರಾಫ್ಟ್ ಗುಣಮಟ್ಟ ಸಾಕು. ಕಾಗದದ ಬಗೆಯನ್ನು ಮಾತ್ರ ಗಮನಿಸಿ: ಅಲ್ಲಿ ಫೋಟೋ ಪೇಪರ್ ಎಂದಿದ್ದರೆ ಅನೇಕ ಪ್ರಿಂಟರುಗಳು ಕಪ್ಪು ಬಣ್ಣವನ್ನೂ ಬಣ್ಣದ ಶಾಯಿಗಳನ್ನು ಬೆರೆಸಿಯೇ ಮೂಡಿಸುತ್ತವೆ.

ಶಾಯಿ ತುಂಬಿಸುವ ವಿಚಾರ. ಹೆಡ್ ಕಾರ್ಟ್ರಿಜ್ಜಿನಲ್ಲಿಯೇ ಇರುವ ಮಾದರಿಗಳಲ್ಲಿ ಕೆಲವು ಸಲ ತುಂಬಿಸಿ ಬಳಸಬಹುದು; ಆದರೆ ಪೂರ್ತಿ ಬತ್ತುವ ಮೊದಲೇ ತುಂಬಿಸಬೇಕು, ಏಕೆಂದರೆ ಶಾಖದಿಂದ ಶಾಯಿಯನ್ನು ಚಿಮ್ಮಿಸುವ ಹೆಡ್ ಶಾಯಿಯಿಲ್ಲದೆ ಕೆಲಸ ಮಾಡಿದರೆ ಸುಟ್ಟುಹೋಗಬಹುದು. ಶಾಯಿಯ ಲೆಕ್ಕವಿಡುವ ಚಿಪ್ ಇರುವ ಕೆಲವು ಕಾರ್ಟ್ರಿಜ್ಜುಗಳನ್ನು ತುಂಬಿಸಿದರೂ ಪ್ರಿಂಟರ್ ಒಪ್ಪದಿರಬಹುದು.

ಇಂಕ್ ಟ್ಯಾಂಕ್ ನಿಮಗೆ ಬೇಡವೆಂದೇ ನನ್ನ ಅಭಿಪ್ರಾಯ. ಅದರ ಒಂದು ಬಾಟಲಿ ಸಾವಿರಾರು ಪುಟಗಳಿಗೆ ಬರುವುದು ನಿಜವಾದರೂ, ತಿಂಗಳಿಗೆ ಹತ್ತು ಪುಟದ ಲೆಕ್ಕದಲ್ಲಿ ಪ್ರಿಂಟರಿಗೆ ಕೊಟ್ಟ ಹೆಚ್ಚಿನ ಬೆಲೆ ಹಿಂದಿರುಗಲು ಹಲವು ವರ್ಷಗಳೇ ಬೇಕು. ಅಷ್ಟರಲ್ಲಿ ಅದರ ಹೆಡ್ ಕೂಡ ಒಣಗುವ ಅಪಾಯವಿದೆ. ಶಾಯಿಯ ಪೆಟ್ಟಿಗೆಯ ಮೇಲೆ ಬರೆದಿರುವ ಪುಟಗಳ ಸಂಖ್ಯೆಯನ್ನೂ ಪೂರ್ತಿ ನಂಬಿ ಲೆಕ್ಕ ಹಾಕಬೇಡಿ, ಅದನ್ನು ಸಾಮಾನ್ಯವಾಗಿ ಪುಟಗಳನ್ನು ಒಂದರ ಹಿಂದೊಂದು ನಿರಂತರವಾಗಿ ಮುದ್ರಿಸಿ ಅಳೆದಿರುತ್ತಾರೆ. ಈಗಿನ ಪ್ರಿಂಟರ್ ಕೆಟ್ಟಾಗ, ಬಣ್ಣದ ಅಗತ್ಯ ನಿಜವಾಗಿಯೂ ಇಲ್ಲದಿದ್ದರೆ, ಕಪ್ಪು ಬಿಳುಪಿನ ಲೇಸರ್ ಪ್ರಿಂಟರನ್ನು ಕೊಳ್ಳಿ. ಅದರ ಟೋನರ್ ಒಣ ಪುಡಿಯಾದ್ದರಿಂದ ತಿಂಗಳುಗಟ್ಟಲೆ ಮುಟ್ಟದಿದ್ದರೂ ಒಣಗಿ ಕಟ್ಟಿಕೊಳ್ಳುವ ಭಯವಿಲ್ಲ.