ಬೇಗ ಮುಗಿಸಿದವಳ ಮೇಜಿಗೇ ಎಲ್ಲರ ಬಾಕಿ

ತಂಗಿ, ನಿನ್ನ ಪತ್ರ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ನೀನು ಜರ್ಮನಿಯ ಮ್ಯೂನಿಕ್‌ಗೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ನಾಲ್ಕು ತಿಂಗಳಾಗಿದೆ. ಎರಡು ವಾರದ ಸ್ಪ್ರಿಂಟ್‌ನಲ್ಲಿ, ಅಂದರೆ ಕೆಲಸದ ಒಂದು ಕಂತಿನಲ್ಲಿ, ನಿನ್ನ ಟಿಕೆಟ್‌ಗಳು (ನಿನಗೆ ಹಂಚಿದ ಕೆಲಸಗಳು) ಮೊದಲ ವಾರದಲ್ಲೇ ಮುಗಿಯುತ್ತವೆ. ಆಮೇಲೆ ಪಕ್ಕದವಳ ಬಾಕಿ ಕೆಲಸ ನಿನ್ನ ಹೆಸರಿಗೆ ಬರುತ್ತದೆ. ಅವಳು ನಾಲ್ಕಕ್ಕೆ ಹೊರಡುತ್ತಾಳೆ, ನೀನು ಏಳರವರೆಗೆ ಕೂತಿರುತ್ತೀಯ. ಸಂಬಳ ಹೆಚ್ಚು ಕಮ್ಮಿ ಒಂದೇ. "ನಾವು ಹೊರಗಿನವರು ಅಂತ ಹೀಗೆ ಮಾಡ್ತಾರಾ? ನಾನೂ ನಿಧಾನ ಮಾಡಿಬಿಡ್ಲಾ?" ಅಂತ ಕೇಳಿದ್ದೀಯ.

ನಿಧಾನ ಮಾಡಬೇಡ. ಬೇಕಂತಲೇ ಕೈ ತಡೆದು ಕೆಲಸ ಮಾಡುವುದು ಮನಸ್ಸಿಗೂ ಒಳ್ಳೆಯದಲ್ಲ, ಇಲ್ಲಿನ ಕಾನೂನಿಗೂ ಒಗ್ಗುವುದಿಲ್ಲ. ಎರ್ಫುರ್ಟ್‌ನಲ್ಲಿರುವ ಜರ್ಮನಿಯ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯ 2003ರ ಡಿಸೆಂಬರ್‌ನಲ್ಲಿ ಒಂದು ತೀರ್ಪು ಕೊಟ್ಟಿತು. ನೌಕರ ತನಗೆ ಒಪ್ಪಿಸಿದ್ದನ್ನು ಮಾಡಬೇಕು, ತನ್ನ ಕೈಲಾದಷ್ಟು ಚೆನ್ನಾಗಿ ಮಾಡಬೇಕು ಅನ್ನುವುದು ಅದರ ಸಾರ. ಇಲ್ಲಿ ಅಳತೆಗೋಲು ಅವರವರ ಶಕ್ತಿ, ಪಕ್ಕದವರ ವೇಗ ಅಲ್ಲ. ಹಾಗಾಗಿ ಒಬ್ಬರು ನಿಧಾನ ಅನ್ನುವ ಒಂದೇ ಕಾರಣಕ್ಕೆ ಅವರನ್ನು ತೆಗೆಯುವುದು ಸುಲಭವಲ್ಲ. ಸರಾಸರಿಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಕಡಿಮೆ ಕೆಲಸ ಬಹಳ ಕಾಲ ನಡೆದರೆ ಮಾತ್ರ, ಇವರು ಕೈಲಾದಷ್ಟು ಮಾಡುತ್ತಿಲ್ಲವೇನೋ ಅಂತ ಕೋರ್ಟ್ ಅನುಮಾನಪಡುತ್ತದೆ. ನಿನ್ನ ಲೀಡ್, ಅಂದರೆ ತಂಡದ ಮುಖ್ಯಸ್ಥರು, ಪಕ್ಕದವಳನ್ನು ಕೂರಿಸಿ ಮಾತಾಡುವ ಕಷ್ಟದ ಬದಲು ನಿನಗೆ ಟಿಕೆಟ್ ದಾಟಿಸುತ್ತಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಅನ್ಯಾಯ ಆಗುತ್ತಿರುವುದು ನಿಜ. ಆದರೆ ಮಾಡುತ್ತಿರುವುದು ಅವಳಲ್ಲ, ಕೆಲಸ ಹಂಚುವವರು. ಅವಳ ಬಗ್ಗೆ ನಿನಗೆ ಏನೂ ಗೊತ್ತಿಲ್ಲ ಅಲ್ವಾ? ಪಾರ್ಟ್ ಟೈಮ್ ಒಪ್ಪಂದದಲ್ಲಿ ವಾರಕ್ಕೆ 30 ಗಂಟೆ ಇರಬಹುದು. ಆರೋಗ್ಯದ ತೊಂದರೆ ಇರಬಹುದು. ಅಂಗವೈಕಲ್ಯದ ಮಟ್ಟ 50 ಅಥವಾ ಅದಕ್ಕಿಂತ ಹೆಚ್ಚು ಅಂತ ಸರ್ಕಾರ ದಾಖಲಿಸಿದವರಿಗೆ ಇಲ್ಲಿ ವಾರಕ್ಕೆ ಐದು ದಿನ ಕೆಲಸವಾದರೆ ವರ್ಷಕ್ಕೆ ಐದು ದಿನ ಹೆಚ್ಚುವರಿ ರಜೆ ಇದೆ. ಹೆಚ್ಚಿನ ಕೆಲಸ ಬೇಡ ಅನ್ನುವ ಹಕ್ಕೂ ಇದೆ. ಇಂಥದ್ದನ್ನೆಲ್ಲ ಲೀಡ್ ನಿನ್ನ ಹತ್ತಿರ ಹೇಳುವ ಹಾಗಿಲ್ಲ. ಇನ್ನೂ ಒಂದು: ಹಳೇ ಕೋಡ್ ಎಲ್ಲಿ ಮುರಿಯುತ್ತದೆ ಅಂತ ಬಲ್ಲವರು, ಬೇರೆಯವರ ಕೆಲಸವನ್ನು ಸಾಲು ಸಾಲಾಗಿ ಓದಿ ತಿದ್ದುವವರು ಟಿಕೆಟ್ ಲೆಕ್ಕದಲ್ಲಿ ಯಾವಾಗಲೂ ಹಿಂದೆಯೇ ಕಾಣುತ್ತಾರೆ. ಅವಳು ಅಂಥವಳಾ ಅಂತ ಒಮ್ಮೆ ಗಮನಿಸು. ಸುಮ್ನೆ ಸೋಮಾರಿಯೂ ಆಗಿರಬಹುದು. ಆದರೂ ಅದು ನಿನ್ನ ಜಗಳವಲ್ಲ.

ಹೊರಗಿನವರು ಅಂತಲೇ ಮಾಡುತ್ತಾರಾ? ಕೆಲವು ಕಡೆ ಹೌದು. ಹೆಚ್ಚಿನ ಕಡೆ ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅನ್ನುವ ಹಾಗೆ, ಯಾರು ಇಲ್ಲ ಅನ್ನುವುದಿಲ್ಲವೋ ಅವರಿಗೇ ಬೀಳುತ್ತದೆ. ನಾವು ಇಲ್ಲ ಅನ್ನುವುದಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ರಾತ್ರಿ ಒಂಬತ್ತಕ್ಕೆ ಕಾಲ್ ಬಂದರೂ ಎತ್ತಿ ಅಭ್ಯಾಸ. ಅದರ ಮೇಲೆ ವೀಸಾ ಭಯ. ಲೀಡ್‌ಗೆ ಈ ಭಯ ಗೊತ್ತಿಲ್ಲದೇ ಇರಬಹುದು. ಏಳರವರೆಗೆ ಕೂತವಳನ್ನು ನೋಡಿ, ಇವಳಿಗೆ ಕೆಲಸ ಇಷ್ಟ ಅಂದುಕೊಂಡಿರಬಹುದು. ನೀನು ಬಾಯಿ ಬಿಡದೆ ಅವರಿಗೆ ತಿಳಿಯುವುದಿಲ್ಲ. ಇಲ್ಲಿ ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಅಂತ ಕಾಯಬಾರದು.

ಈಗ ನಿನ್ನ ಕೈಯಲ್ಲಿರುವುದು ಏನು ಅಂತ ನೋಡೋಣ. ನೀನು ಕಂಪನಿಗೆ ಕೊಟ್ಟಿರುವುದು ಗಂಟೆಗಳನ್ನು. ಒಪ್ಪಂದದಲ್ಲಿ ವಾರಕ್ಕೆ 40 ಅಂತ ಇದ್ದರೆ ಆ 40ರೊಳಗೆ ಅವಳ ಟಿಕೆಟ್ ಬಂದರೂ ಮಾಡು, ಅದರಲ್ಲಿ ತಪ್ಪಿಲ್ಲ. ಗಡಿ ಇರುವುದು ಅದರಾಚೆ. ಜರ್ಮನಿಯ ಕೆಲಸದ ಸಮಯದ ಕಾನೂನು ದಿನಕ್ಕೆ ಎಂಟು ಗಂಟೆ ಅನ್ನುತ್ತದೆ. ಹತ್ತರವರೆಗೆ ಹೋಗಬಹುದು, ಆದರೆ ಆರು ತಿಂಗಳ ಸರಾಸರಿ ಮತ್ತೆ ಎಂಟಕ್ಕೆ ಇಳಿಯಬೇಕು. ಒಂದು ದಿನದ ಕೆಲಸ ಮುಗಿಸಿ ಮರುದಿನ ಶುರು ಮಾಡುವ ಮಧ್ಯೆ 11 ಗಂಟೆ ಬಿಡುವು ಬೇಕು. ಕೆಲಸದ ಸಮಯ ದಾಖಲಾಗಲೇಬೇಕು ಅಂತ 2022ರಲ್ಲಿ ಅದೇ ಎರ್ಫುರ್ಟ್ ಕೋರ್ಟ್ ಹೇಳಿದೆ. ಹಾಗಾಗಿ ನಿನ್ನ ಗಂಟೆಗಳನ್ನು ಇದ್ದದ್ದು ಇದ್ದ ಹಾಗೆ ಬರೆ. ಸಂಜೆ ಏಳಕ್ಕೆ ಕೆಲಸ ಮುಗಿಸಿದರೆ ಏಳು ಅಂತಲೇ ಹಾಕು. ಒಳ್ಳೆಯವಳು ಅನ್ನಿಸಿಕೊಳ್ಳಲು ಐದು ಅಂತ ಹಾಕಬೇಡ. ಹಾಕಿದರೆ ಆ ಎರಡು ಗಂಟೆಗೆ ನಿನ್ನ ಹತ್ತಿರ ಯಾವ ಪುರಾವೆಯೂ ಉಳಿಯುವುದಿಲ್ಲ.

ಮುಂದಿನ ಸಲ ಟಿಕೆಟ್ ದಾಟಿ ಬಂದಾಗ ಲೀಡ್‌ಗೆ ಒಂದೇ ಪ್ರಶ್ನೆ ಕೇಳು: "ಇದನ್ನು ತೆಗೆದುಕೊಂಡರೆ ಈ ವಾರ ಯಾವುದನ್ನು ಬಿಡಲಿ?" ಶಾಂತವಾಗಿ ಕೇಳು, ಅವಳ ಹೆಸರು ಎತ್ತದೆ ಕೇಳು. ಉತ್ತರ ಬಂದ ಮೇಲೆ ಎರಡು ಸಾಲಿನ ಮೇಲ್ ಹಾಕು: ನೀವು ಹೇಳಿದಂತೆ ಇದನ್ನು ಮೊದಲು ಮಾಡುತ್ತೇನೆ, ಅದು ಮುಂದಿನ ಸ್ಪ್ರಿಂಟ್‌ಗೆ ಹೋಗುತ್ತದೆ. ಇಲ್ಲಿನ ಮ್ಯಾನೇಜರ್‌ಗಳಿಗೆ ಈ ಪ್ರಶ್ನೆ ಹೊಸದಲ್ಲ, ಅಪಮಾನವೂ ಅಲ್ಲ. ಇಲ್ಲೇ ಹುಟ್ಟಿ ಬೆಳೆದವರು ಇದನ್ನು ಮಾಮೂಲಿಯಾಗಿ ಕೇಳುತ್ತಾರೆ.

ನೀನು ಇನ್ನೂ ಪ್ರೋಬೆಟ್ಸೈಟ್‌ನಲ್ಲಿದ್ದೀಯ, ಅಂದರೆ ಪರೀಕ್ಷಾರ್ಥ ಅವಧಿಯಲ್ಲಿ, ಅದನ್ನು ನೆನಪಿಡು. ಈ ಆರು ತಿಂಗಳಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಅಲ್ಲಿಯವರೆಗೆ ಲಿಖಿತ ದೂರಿಗೆ ಹೋಗಬೇಡ, ಪ್ರಶ್ನೆ ಕೇಳುವುದು ಸಾಕು. ಆರು ತಿಂಗಳು ದಾಟಿದ ಮೇಲೆ, ಹತ್ತಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಲ್ಲಿ, ಕಾರಣ ಇಲ್ಲದೆ ತೆಗೆಯಲು ಆಗುವುದಿಲ್ಲ. ಆಗಲೂ ಸರಿ ಹೋಗದಿದ್ದರೆ ಬೆಟ್ರೀಬ್ಸ್‌ರಾಟ್ ಇದೆಯಾ ಅಂತ ವಿಚಾರಿಸು. ನೌಕರರೇ ಚುನಾವಣೆಯಲ್ಲಿ ಆರಿಸಿದ ಸಮಿತಿ ಅದು. ತನಗೆ ಅನ್ಯಾಯ ಆಗಿದೆ ಅನ್ನಿಸಿದವರು ದೂರು ಕೊಡಬಹುದು, ಸಮಿತಿಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು, ದೂರು ಕೊಟ್ಟಿದ್ದಕ್ಕೆ ತೊಂದರೆ ಕೊಡುವಂತಿಲ್ಲ. ಇದೆಲ್ಲ ಕಾನೂನಿನಲ್ಲೇ ಇದೆ.

ದುಡ್ಡಿನ ಮಾತು ಬೇರೆ, ಅದನ್ನು ಈ ಜಗಳದ ಜೊತೆ ಬೆರೆಸಬೇಡ. ವರ್ಷಕ್ಕೊಮ್ಮೆ ಲೀಡ್ ಜೊತೆ ಕೂತು ಮಾತಾಡುವ ದಿನ ಬರುತ್ತದೆ. ಅವತ್ತು ನೀನು ಮುಗಿಸಿದ್ದರ ಪಟ್ಟಿ ಇಟ್ಟುಕೊಂಡು ಸಂಬಳ ಜಾಸ್ತಿ ಕೇಳು. ಅವಳಿಗಿಂತ ಎಷ್ಟು ಪಟ್ಟು ಅಂತಲ್ಲ, ನೀನು ಏನು ಮಾಡಿದೆ ಅಂತ.

ಇವತ್ತು ರಾತ್ರಿ ನಿನ್ನ ಒಪ್ಪಂದ ತೆಗೆದು ಓವರ್‌ಟೈಮ್ ಸಾಲು ಹುಡುಕು. ಎಷ್ಟು ಗಂಟೆ ಅಂತ ಹೇಳದೆ "ಹೆಚ್ಚಿನ ಕೆಲಸವೆಲ್ಲ ಸಂಬಳದಲ್ಲೇ ಸೇರಿದೆ" ಅಂತಷ್ಟೇ ಇದ್ದರೆ, ಅಂಥ ಸಾಲು ಸ್ಪಷ್ಟವಾಗಿಲ್ಲ ಅಂತ ಕೋರ್ಟ್ 2010ರಲ್ಲೇ ತಳ್ಳಿಹಾಕಿದೆ. ನಿನ್ನ ಕಂಪನಿಗೆ ಐಜಿ ಮೆಟಾಲ್ ಅನ್ನುವ ಕಾರ್ಮಿಕ ಸಂಘ ಒಗ್ಗುವುದಾದರೆ ಈಗಲೇ ಸದಸ್ಯಳಾಗು. ತಿಂಗಳ ಸಂಬಳದ ಶೇಕಡಾ 1 ಶುಲ್ಕ. ಕಾನೂನು ನೆರವು ಸಿಗುವುದು ಸೇರಿದ ಮೂರು ತಿಂಗಳ ನಂತರ, ಹಾಗಾಗಿ ತೊಂದರೆ ಬಂದ ಮೇಲೆ ನೋಡೋಣ ಅಂತ ಕಾಯಬೇಡ.