ಫೈರ್‌ವಾಲ್‌ಗೆ ಬೇಗ ಆದೇಶ ಮುಟ್ಟಿಸಲು ಟಿಸಿಪಿಯಾ, ಯುಡಿಪಿಯಾ, ಎಸ್‌ಸಿಟಿಪಿಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕರೆ ಜೋಡಿಸುವ ಸರ್ವರ್ ಫೈರ್‌ವಾಲ್‌ಗೆ (ನೆಟ್‌ವರ್ಕ್ ಕಾಯುವ ಸಾಧನಕ್ಕೆ) ‘ಈ ಪೋರ್ಟ್ ತೆರೆ’, ಅಂದರೆ ಈ ಕರೆಯ ಧ್ವನಿಗೆ ದಾರಿ ಬಿಡು ಅಂತ ಹೇಳಬೇಕು. ಆ ಕಡೆಯವರು ‘ಹಲೋ’ ಅನ್ನುವಷ್ಟರಲ್ಲಿ ಅದು ತೆರೆದಿರಬೇಕು, ಇಲ್ಲದಿದ್ದರೆ ಮೊದಲ ಮಾತು ಕತ್ತರಿಸಿಹೋಗುತ್ತದೆ. ಈ ಸಂದೇಶ ಸಾಗಿಸಲು ಟಿಸಿಪಿ, ಯುಡಿಪಿ, ಎಸ್‌ಸಿಟಿಪಿ ಎಂಬ ಮೂರು ಪ್ರೋಟೋಕಾಲ್‌ಗಳಲ್ಲಿ (ಡೇಟಾ ಸಾಗಿಸುವ ಪದ್ಧತಿಗಳಲ್ಲಿ) ಯಾವುದು ಒಳ್ಳೆಯದು?

ಕನೆಕ್ಷನ್ ಮೊದಲೇ ತೆರೆದಿಟ್ಟುಕೊಂಡಿದ್ದು, ಪ್ಯಾಕೆಟ್ (ಡೇಟಾದ ತುಂಡು) ದಾರಿಯಲ್ಲಿ ಕಳೆಯದಿದ್ದರೆ ಮೂರೂ ಹೆಚ್ಚುಕಡಿಮೆ ಒಂದೇ. ಹೋಗಿ ಬರುವ ಸಮಯ ಅಷ್ಟೇ. ಬಣ್ಣ ಬಯಲಾಗುವುದು ಒಂದು ಪ್ಯಾಕೆಟ್ ಕಳೆದಾಗ. ಅದಕ್ಕೇ ನಾನು ಮೊದಲು ಕೇಳುವುದು, ಮತ್ತೆ ಕಳಿಸುವ ಮುಂಚೆ ಆ ಪ್ರೋಟೋಕಾಲ್ ಎಷ್ಟು ಹೊತ್ತು ಕಾಯುತ್ತದೆ ಅಂತ.

ಟಿಸಿಪಿಯಲ್ಲಿ ಕಳೆದ ಪ್ಯಾಕೆಟ್ಟನ್ನು ಬೇಗ ಗುರುತಿಸಲು ಅದರ ಹಿಂದೆ ಇನ್ನಷ್ಟು ಡೇಟಾ ಬರುತ್ತಿರಬೇಕು. ಫೈಲ್ ಕಳಿಸುವಾಗ ಇದು ಸರಿ. ನಮ್ಮದು ಆಗೊಮ್ಮೆ ಈಗೊಮ್ಮೆ ಹೋಗುವ ನೂರಿನ್ನೂರು ಬೈಟಿನ ಸಂದೇಶ, ಹಿಂದೆ ಏನೂ ಇರುವುದಿಲ್ಲ. ಟೈಮರ್ ಮುಗಿಯುವವರೆಗೆ ಸುಮ್ನೆ ಕೂರಬೇಕು. ಆ ಟೈಮರ್ ಕನಿಷ್ಠ 1 ಸೆಕೆಂಡ್ ಇರಲಿ ಅನ್ನುತ್ತದೆ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 6298. ಲಿನಕ್ಸ್‌ನಲ್ಲಿ ಮಾಮೂಲಾಗಿ ಕನಿಷ್ಠ 200 ಮಿಲಿಸೆಕೆಂಡ್. ನಿಮ್ಮ ದಾರಿ 5 ಮಿಲಿಸೆಕೆಂಡಿನದೇ ಆಗಿದ್ದರೂ ಅಷ್ಟು ಕಾಯಲೇಬೇಕು. ಹಿಂದೆ ಬೇರೆ ಕರೆಗಳ ಸಂದೇಶ ಬಂದರೆ ಅವೂ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಅವಕ್ಕೂ ಕಳೆದುಹೋದ ಕರೆಗೂ ಸಂಬಂಧವೇ ಇಲ್ಲ, ಅಲ್ವಾ?

ಇನ್ನೊಂದು ತಡ ಪ್ಯಾಕೆಟ್ ಕಳೆಯದೆಯೂ ಬರುತ್ತದೆ. ಒಮ್ಮೆ ನನ್ನ ಪ್ರೋಗ್ರಾಂನಲ್ಲಿ ಪ್ರತಿ ಆದೇಶಕ್ಕೂ ಸರಿಯಾಗಿ 40 ಮಿಲಿಸೆಕೆಂಡ್ ಜಾಸ್ತಿ ಆಗುತ್ತಿತ್ತು. ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿ ನೋಡಿದೆ: ಹೆಡರ್ (ಸಂದೇಶದ ತಲೆಭಾಗ) ಒಂದು ಪ್ಯಾಕೆಟ್‌ನಲ್ಲಿ ಹೋಯಿತು, ಆಮೇಲೆ ಖಾಲಿ, ಆ ಕಡೆಯಿಂದ ಬರೀ ಒಂದು ಎಸಿಕೆ (‘ಮುಟ್ಟಿತು’ ಅನ್ನುವ ಉತ್ತರ), ಅದರ ಬೆನ್ನಿಗೇ ಉಳಿದ ಭಾಗ. ನಾನು ಒಂದೇ ಆದೇಶವನ್ನು ಎರಡು ತುಂಡಾಗಿ, ಎರಡು ಸಲ ರೈಟ್ ಮಾಡಿದ್ದೆ. ಮೊದಲನೆಯದಕ್ಕೆ ಎಸಿಕೆ ಬರಲಿ ಅಂತ ನೇಗಲ್ (ಸಣ್ಣ ತುಂಡುಗಳನ್ನು ತಡೆದು ಒಟ್ಟುಗೂಡಿಸುವ ಟಿಸಿಪಿಯ ಕ್ರಮ) ಎರಡನೆಯದನ್ನು ಹಿಡಿದಿಟ್ಟಿತ್ತು, ಆ ಕಡೆಯದು ಎಸಿಕೆಯನ್ನೇ ತಡಮಾಡುತ್ತಿತ್ತು. ಎರಡನ್ನೂ ಸೇರಿಸಿ ಒಂದೇ ರೈಟ್ ಮಾಡಿ, ನೇಗಲ್ ನಿಲ್ಲಿಸುವ ಟಿಸಿಪಿ_ನೋಡಿಲೇ ಹಾಕಿದೆ. ಆ ತಡ ಪೂರ್ತಿ ಹೋಯಿತು.

ಎಸ್‌ಸಿಟಿಪಿ ಹುಟ್ಟಿದ್ದೇ ದೂರವಾಣಿ ಸಿಗ್ನಲಿಂಗ್‌ಗಾಗಿ (ಆರ್‌ಎಫ್‌ಸಿ 2960, 2000). ಒಂದೇ ಕನೆಕ್ಷನ್‌ನಲ್ಲಿ ಬೇರೆ ಬೇರೆ ಸ್ಟ್ರೀಮ್ (ಪ್ರತ್ಯೇಕ ಸಾಲು) ಸಿಗುತ್ತದೆ. ಒಂದು ಕರೆಯ ಸಂದೇಶ ಕಳೆದರೆ ಇನ್ನೊಂದು ಸ್ಟ್ರೀಮಿನದು ನಿಲ್ಲುವುದಿಲ್ಲ. ಆದರೆ ಇದರ ಟೈಮರ್ ಕೂಡ ಮಾಮೂಲಾಗಿ ಕನಿಷ್ಠ 1 ಸೆಕೆಂಡ್, ಲಿನಕ್ಸ್‌ನಲ್ಲೂ ಅಷ್ಟೇ. ಅದನ್ನು ಇಳಿಸದೆ ಬಳಸಿದರೆ ಕಳೆದ ಆ ಒಂದು ಸಂದೇಶಕ್ಕೆ ಟಿಸಿಪಿಗಿಂತ ಜಾಸ್ತಿ ಕಾಯಬೇಕಾಗುತ್ತದೆ. ದಾರಿಯಲ್ಲಿ ಎನ್‌ಎಟಿ (ವಿಳಾಸ ಬದಲಿಸುವ ರೂಟರ್) ಇದ್ದರಂತೂ ಎಸ್‌ಸಿಟಿಪಿ ಆಸೆ ಬಿಡಿ.

ಯುಡಿಪಿಯಲ್ಲಿ ಟೈಮರ್ ನಿಮ್ಮ ಕೈಯಲ್ಲೇ ಇರುತ್ತದೆ. ಹಾಗಂತ ತಾನಾಗಿಯೇ ವೇಗ ಬಂದುಬಿಡುವುದಿಲ್ಲ. ಪೋರ್ಟ್ ತೆರೆಸಲೆಂದೇ ಮಾಡಿದ ಪಿಸಿಪಿ (ಆರ್‌ಎಫ್‌ಸಿ 6887) ಯುಡಿಪಿ ಮೇಲೆಯೇ ಓಡುತ್ತದೆ, ಆದರೂ ಮೊದಲ ಮರುಪ್ರಯತ್ನಕ್ಕೆ ಸುಮಾರು 3 ಸೆಕೆಂಡ್ ಕಾಯುತ್ತದೆ. ನೀವೇ ಬರೆಯುವುದಾದರೆ ಪ್ರತಿ ಆದೇಶಕ್ಕೂ ಒಂದು ಗುರುತಿನ ಸಂಖ್ಯೆ ಕೊಡಿ. ಅದೇ ಆದೇಶ ಎರಡು ಸಲ ಮುಟ್ಟಿದರೂ ಫಲ ಒಂದೇ ಆಗಿರಬೇಕು. ಯುಡಿಪಿಗೆ ಗೂಢಲಿಪಿಯ ರಕ್ಷಣೆ ಕೊಡುವ ಡಿಟಿಎಲ್‌ಎಸ್ ಖಂಡಿತ ಬೇಕು. ಯಾರೋ ಸುಳ್ಳು ವಿಳಾಸದಿಂದ ನಿಮ್ಮ ಫೈರ್‌ವಾಲ್ ತೆರೆಸುವಂತಾಗಬಾರದು.

ಯುಡಿಪಿ ಮೇಲೆ ಓಡುವ ಇನ್ನೊಂದು ಪ್ರೋಟೋಕಾಲ್ ಕ್ವಿಕ್‌ನಲ್ಲೂ ಸ್ಟ್ರೀಮ್‌ಗಳಿವೆ, ಗೂಢಲಿಪಿಯೂ ಒಳಗೇ ಇದೆ. ಬಳಸಿದರೆ 0-ಆರ್‌ಟಿಟಿಯಲ್ಲಿ (ಕನೆಕ್ಷನ್ ಪೂರ್ತಿ ಆಗುವ ಮೊದಲೇ ಡೇಟಾ ಕಳಿಸುವ ಸೌಲಭ್ಯದಲ್ಲಿ) ‘ತೆರೆ’ ಆದೇಶ ಮಾತ್ರ ಕಳಿಸಬೇಡಿ. ಅದನ್ನು ಹಿಡಿದಿಟ್ಟು ಮತ್ತೆ ಕಳಿಸಲು ಬೇರೆಯವರಿಗೆ ಆಗುತ್ತದೆ.

ಸರ್ವರ್ ಮತ್ತು ಫೈರ್‌ವಾಲ್ ಎರಡೂ ನಿಮ್ಮ ನೆಟ್‌ವರ್ಕ್ ಒಳಗೇ ಇದ್ದು, ಒಟ್ಟಿಗೆ ತುಂಬ ಕರೆಗಳು ಬರುವುದಾದರೆ ನಾನು ಎಸ್‌ಸಿಟಿಪಿ ಹಾಕುತ್ತೇನೆ, ಟೈಮರ್ ಇಳಿಸಿ. ಫೈರ್‌ವಾಲ್‌ಗೆ ಅದು ಗೊತ್ತಿಲ್ಲದಿದ್ದರೆ ನಾಲ್ಕೈದು ಟಿಸಿಪಿ ಕನೆಕ್ಷನ್ ಸದಾ ತೆರೆದಿಟ್ಟು ಕರೆಗಳನ್ನು ಹಂಚಿ, ಆ ರೂಟ್‌ಗೆ (ದಾರಿಗೆ) ಮಾತ್ರ ಆರ್‌ಟಿಒ_ಮಿನ್, ಅಂದರೆ ಆ ಕನಿಷ್ಠ ಟೈಮರ್, ಇಳಿಸಿ. ತೀರ್ಮಾನಕ್ಕೆ ಮುಂಚೆ ಲಿನಕ್ಸ್‌ನ ಪರೀಕ್ಷಾ ಸಾಧನ ನೆಟ್‌ಎಮ್‌ನಿಂದ 1% ಪ್ಯಾಕೆಟ್ ಬೀಳಿಸಿ ಅಳೆಯಿರಿ. ಸರಾಸರಿಯನ್ನು ಮಾತ್ರ ನಂಬಬೇಡಿ, ಅದು ಮೂರಕ್ಕೂ ಚೆನ್ನಾಗಿಯೇ ಕಾಣಬಹುದು. ಅತಿ ನಿಧಾನವಾದ ನೂರರಲ್ಲೊಂದು ಆದೇಶ ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ನೋಡಿ.